ಉಮ್ಮತ್ತೂರಿನ ಅಮ್ಮ ಆರಿಸಿದ ಬೈಬಲ್

ನಮ್ಮ ಮನೆಯವರು ಸುಳ್ಳು ಹೇಳುವವರಲ್ಲ. ಯಾರಾದರೂ ಕಣ್ಣರಳಿಸಿ ಏನನ್ನಾದರೂ ಕೇಳಿದರೆ, ಇಲ್ಲ ಎಂದು ಅವರ ಮುಖ ಬಾಡಿಸಲು ಇವರಿಗೆ ಮನಸ್ಸು ಬಾರದು, ಅಷ್ಟೇ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ, ಈಜು ಬರುತ್ತದೆಯೇ ಎಂದು ನಮ್ಮಪ್ಪ ಕೇಳಿದ್ದರು. ಬರುತ್ತದೆ ಎಂದರು. ಮದುವೆಯಾದ ವರ್ಷ ಇವರನ್ನು ಕಾಲುವೆಯಿಂದ ಎಳೆದು ದಡಕ್ಕೆ ಹಾಕಿದವರೂ ನಮ್ಮಪ್ಪನೇ.

ಹೆಸರು ಶಿವಸ್ವಾಮಿ. ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಆ ಕಚೇರಿಗೆ ಹೋದ ವರ್ಷ ಅರುಳಪ್ಪ ಎಂಬ ಹೊಸ ಸೂಪರಿಂಟೆಂಡೆಂಟರು ಬಂದರು. ಗುಂಡ್ಲುಪೇಟೆಯಲ್ಲಿ ಮನೆ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಒಂದು ದಿನ ಟೀ ಕುಡಿಯುವಾಗ ಅವರು ತಮ್ಮ ತಾಯಿಯ ವಿಷಯ ತೆಗೆದರಂತೆ. ತಾಯಿ ಜ್ಞಾನಮ್ಮನವರಿಗೆ ದಿನಾ ಬೆಳಿಗ್ಗೆ ಬೈಬಲ್ ಓದಿಯೇ ಕಾಫಿ ಕುಡಿಯುವ ಅಭ್ಯಾಸ. ಅವರ ಹಳೆಯ ಪುಸ್ತಕ ಹಾಳೆ ಹಾಳೆಯಾಗಿ ಕಳಚಿಹೋಗಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಆ ಸಣ್ಣ ಅಕ್ಷರ ಕಾಣುತ್ತಲೂ ಇರಲಿಲ್ಲ. ಮಗ ಪ್ರೀತಿಯಿಂದ ದೊಡ್ಡ ಅಕ್ಷರದ, ಸರಳ ಕನ್ನಡದ ಹೊಸ ಭಾಷಾಂತರ ತಂದುಕೊಟ್ಟರು. ತಾಯಿ ಒಂದು ಪುಟ ಓದಿ, ಇದು ನನಗೆ ಗೊತ್ತಿರುವ ಮಾತಲ್ಲ ಎಂದು ಮುಚ್ಚಿಟ್ಟರು. ತಾಯಿಗೆ ಹಳೆಯದೇ ಬೇಕು, ಮಗನಿಗೆ ಹೊಸದೇ ಸರಿ. ನೆಂಟರಲ್ಲಿ ಒಬ್ಬರು ಮೂರನೆಯದೊಂದು ಭಾಷಾಂತರವಿದೆ, ಅದನ್ನು ಕೊಡಿಸಿ ಎಂದರು. ಅಲ್ಲಿಂದ ಓದು ನಿಂತೇಹೋಯಿತು. ಬೆಳಿಗ್ಗೆ ಎದ್ದು, ಬರಿಗೈ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತಿರುತ್ತಾರೆ, ಕಾಫಿ ಆರಿಹೋಗುತ್ತದೆ.

ಇದನ್ನು ಕೇಳಿ ನಮ್ಮವರು, ಮೂರನ್ನೂ ಓದಿ ನೋಡಿದವರೇ ಇದಕ್ಕೆ ಉತ್ತರ ಹೇಳಬೇಕು ಎಂದರಂತೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಮಾತು ಘನವಾಗಿಯೇ ಇತ್ತು. ಆದರೆ ಅರುಳಪ್ಪನವರು ಕಣ್ಣರಳಿಸಿ, ನೀವು ಓದಿದ್ದೀರಾ ಎಂದು ಕೇಳಿಬಿಟ್ಟರು.

"ಮೂರನ್ನೂ," ಎಂದರು ನಮ್ಮವರು.

ಅರುಳಪ್ಪನವರು ಟೀ ಲೋಟ ಕೆಳಗಿಟ್ಟು ಇವರ ಎರಡೂ ಕೈ ಹಿಡಿದುಕೊಂಡರಂತೆ. ನಮ್ಮ ಕಡೆಯವರು ಯಾರು ಹೇಳಿದರೂ ಅಮ್ಮ ಕೇಳುವುದಿಲ್ಲ, ಎಲ್ಲರಿಗೂ ಒಂದೊಂದು ಪಕ್ಷವಿದೆ. ನಿಮಗೆ ಪಕ್ಷವಿಲ್ಲ, ಓದಿಯೂ ಇದ್ದೀರಿ. ಬರುವ ಭಾನುವಾರದ ಆಚೆಯ ಭಾನುವಾರ ಮನೆಗೆ ಬಂದು ಯಾವುದೆಂದು ಹೇಳಿಬಿಡಿ, ನೀವು ಹೇಳಿದ್ದೇ ಕೊನೆ ಎಂದರು. ತಾಯಿಗೂ ಫೋನಿನಲ್ಲಿ ತಿಳಿಸಿದರು. ಜ್ಞಾನಮ್ಮನವರು ಒಪ್ಪಿದರು. ಶಿವಸ್ವಾಮಿ ಎಂದರೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ಎಚ್ಚರ ತಪ್ಪಿ ಬಿದ್ದವನಲ್ಲವೇ, ಬರಲಿ ಎಂದರಂತೆ.

ಬಿದ್ದದ್ದು ನಿಜ. ನಮ್ಮ ಶೃತಿ ಹುಟ್ಟುವಾಗ ಆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು ಜ್ಞಾನಮ್ಮನವರೇ. ಮಗು ಅಡ್ಡ ತಿರುಗಿ ನಾನು ಆಸೆ ಬಿಟ್ಟಿದ್ದಾಗ ನನ್ನ ಕೈ ಬಿಡದೆ ಕೂತಿದ್ದರು. ಆ ಕೈ ಈಗ ಬರಿದಾಗಿರುವುದು ನನಗೂ ಸರಿ ಕಾಣಲಿಲ್ಲ. ಹೋಗಿ, ಓದಿಲ್ಲ ಎಂದು ಒಪ್ಪಿಕೊಂಡುಬಿಡಿ, ಪಾಪ ಎಂದೆ. ನಮ್ಮವರು ಬೆಂಡೆಕಾಯಿ ಹೆಚ್ಚುತ್ತಿದ್ದ ನನ್ನ ಕಡೆ ತಾಳ್ಮೆಯಿಂದ ನೋಡಿ, ಓದಿಲ್ಲದಿದ್ದರೆ ಓದಿದರಾಯಿತಲ್ಲ ಎಂದರು. ನಾನು ಮತ್ತೆ ಬೆಂಡೆಕಾಯಿಗೆ ಕೈ ಹಾಕಿದೆ.

ಮರುದಿನವೇ ಮೈಸೂರಿಗೆ ಹೋದರು. ಪುಸ್ತಕದ ಅಂಗಡಿಯವರು ಚರ್ಚಿನ ಸಭೆಗೋ, ಸ್ವಂತ ಅಧ್ಯಯನಕ್ಕೋ ಎಂದು ಕೇಳಿದರಂತೆ. ಸ್ವಂತ ಅಧ್ಯಯನ ಎಂಬ ಮಾತು ಇವರಿಗೆ ಎಷ್ಟು ಹಿಡಿಸಿತೆಂದರೆ, ಬಸ್ಸಿನಲ್ಲಿ ಕಂಡಕ್ಟರ್ ಆ ಗಂಟೇನು ಎಂದು ಕೇಳಿದಾಗಲೂ ಅದನ್ನೇ ಹೇಳಿದರು, ಹಾಲಿನವನಿಗೂ ಅದನ್ನೇ ಹೇಳಿದರು. ಗಂಟಿನಲ್ಲಿ ಮೂರು ಪುಸ್ತಕ. ಮೂರಕ್ಕೂ ಕಪ್ಪು ರಟ್ಟು, ಒಂದೊಂದೂ ಒರಳು ಗುಂಡಿನ ಭಾರ. ಹಳೆಯ ಭಾಷಾಂತರದಲ್ಲಿ ವಾಕ್ಯ ಶುರುವಾದರೆ ಮುಗಿಯುವಷ್ಟರಲ್ಲಿ ಅನ್ನ ಬೇಯುತ್ತದೆ. ಪುಣ್ಯಕ್ಕೆ ಅಕ್ಷರ ಮಾತ್ರ ದೊಡ್ಡದು. ಹೊಸದು ದಿನಪತ್ರಿಕೆಯಂತೆ ಓದಿಸಿಕೊಂಡು ಹೋಗುತ್ತದೆ. ಮೂರನೆಯದರಲ್ಲಿ ಉಳಿದೆರಡರಲ್ಲಿ ಇಲ್ಲದ ಕೆಲವು ಭಾಗಗಳಿವೆಯಂತೆ. ಹೀಗೆಂದು ಅಂಗಡಿಯವರು ಹೇಳಿದರು. ನಮ್ಮವರ ಅಧ್ಯಯನ ಅದಕ್ಕಿಂತ ಮುಂದೆ ಹೋಗಲಿಲ್ಲ.

ಹೋಗದೆ ಇದ್ದುದಕ್ಕೆ ಅವರ ಪದ್ಧತಿಯೇ ಕಾರಣ. ಜಗುಲಿಯ ಮೇಲೆ ಚಾಪೆ ಹಾಸಿ ಮೂರೂ ಪುಸ್ತಕವನ್ನು ಸಾಲಾಗಿ ತೆರೆದಿಡುವುದು; ಗಾಳಿಗೆ ಹಾಳೆ ಹಾರದಂತೆ ಒಂದರ ಮೇಲೆ ನನ್ನ ಸೌಟು, ಒಂದರ ಮೇಲೆ ಬಾಚಣಿಗೆಯ ಡಬ್ಬ, ಇನ್ನೊಂದರ ಮೇಲೆ ಚಟ್ನಿ ಬಟ್ಟಲು ಇಡುವುದು; ಮೊದಲನೆಯದರಲ್ಲಿ ಒಂದು ಸಾಲು, ಎರಡನೆಯದರಲ್ಲಿ ಅದೇ ಸಾಲು, ಮೂರನೆಯದರಲ್ಲಿ ಅದೇ ಸಾಲು ಓದಿ ಆಕಾಶ ನೋಡುವುದು. ಒಂದು ವಾರ ಕಳೆಯುವಷ್ಟರಲ್ಲಿ ಸೃಷ್ಟಿಯ ಮೂರನೇ ದಿನಕ್ಕೆ ಬಂದಿದ್ದರು. ಅಷ್ಟು ಹೊತ್ತಿಗೆ ದೇವರು ಲೋಕವನ್ನೆಲ್ಲ ಮಾಡಿ ಮುಗಿಸಿ ಒಂದು ದಿನ ಸುಧಾರಿಸಿಕೊಂಡೂ ಆಗಿತ್ತು.

ಪಕ್ಕದ ಮನೆ ಸಣ್ಣತಾಯಮ್ಮನವರು ಬಟ್ಟೆ ಒಣಹಾಕಲು ಬಂದಾಗಲೆಲ್ಲ ಇದನ್ನು ನೋಡಿದರು. ಮೊದಲ ದಿನ ನೋಡಿದರು, ಎರಡನೇ ದಿನ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತ ನೋಡಿದರು, ಮೂರನೇ ದಿನ ಕೇಳಿದರು. ಸ್ವಂತ ಅಧ್ಯಯನ ಎಂದರು ನಮ್ಮವರು. ಸಣ್ಣತಾಯಮ್ಮನವರ ತಂಗಿಯನ್ನು ಕೊಟ್ಟಿರುವುದು ಉಮ್ಮತ್ತೂರಿಗೆ. ನಮ್ಮವರ ಊರೂ ಉಮ್ಮತ್ತೂರೇ. ಒಂದು ಬೈಬಲ್ ಇದ್ದರೆ ಯಾರೋ ಕೊಟ್ಟಿರಬಹುದು, ಮೂರಿದ್ದರೆ ವಿಷಯ ಮುಂದೆ ಹೋಗಿದೆ ಎಂದೇ ಅರ್ಥ ಎಂದು ಅವರು ಫೋನಿನಲ್ಲಿ ತಂಗಿಗೆ ವಿವರಿಸಿದ್ದನ್ನು ನಾನು ಹಿತ್ತಿಲಿನಿಂದ ಕೇಳಿಸಿಕೊಂಡೆ. ಒಲೆಯ ಮೇಲೆ ಹಾಲಿತ್ತು. ನಿಜ ಏನೆಂದು ಅವರಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಮೊದಲ ಬಸ್ಸಿಗೇ ನಮ್ಮತ್ತೆ ಚಿಕ್ಕಬಸಮ್ಮ ಬಂದಿಳಿದರು. ಒಂದು ಕೈಯಲ್ಲಿ ನುಗ್ಗೆಕಾಯಿ, ಒಂದು ಕೈಯಲ್ಲಿ ಕರಿಬೇವು. ಬಂದವರು ಮಗನನ್ನು ಏನೂ ಕೇಳಲಿಲ್ಲ. ನೇರವಾಗಿ ದೇವರ ಗೂಡಿಗೆ ಹೋಗಿ ಒಂದೊಂದೇ ಪಟ ಮುಟ್ಟಿ ನೋಡಿದರು. ಎಲ್ಲ ಇದ್ದವು. ದೀಪದ ಬತ್ತಿ ಮುಟ್ಟಿ ನೋಡಿದರು, ಬೆಚ್ಚಗಿತ್ತು. ಇದು ಅವರಿಗೆ ಇನ್ನಷ್ಟು ಗಾಬರಿ ಹುಟ್ಟಿಸಿತು. ಒಳಗೊಳಗೇ ನಡೆಯುತ್ತಿದೆ ಎಂದುಕೊಂಡರು. ನಾನು ಹತ್ತಿರ ಹೋಗಿ, ಅದು ಆಫೀಸಿನವರ ತಾಯಿಗೆ ಪುಸ್ತಕ ಆರಿಸುವ ವಿಷಯ ಅತ್ತೆ ಎಂದೆ. ಗಂಡನನ್ನು ಬಿಟ್ಟುಕೊಡದ ಸೊಸೆ ಎಂದು ನನ್ನ ತಲೆ ಸವರಿದರು. ಇನ್ನೊಂದು ಸಲ ಹೇಳಿದೆ. ಇನ್ನೊಂದು ಸಲ ಸವರಿದರು.

ಜಗುಲಿಯಲ್ಲಿ ನಮ್ಮವರು ಮೂರನೇ ದಿನದಲ್ಲೇ ಸಿಕ್ಕಿಬಿದ್ದು ಕೂದಲು ಕಿತ್ತುಕೊಳ್ಳುತ್ತಿದ್ದರು. ಭಾನುವಾರ ಹತ್ತಿರ ಬರುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತು, ಪುಸ್ತಕದ ಕಡೆ ನೋಡದೆ, ರಸ್ತೆಯ ಕಡೆ ಮುಖ ಮಾಡಿ ಹೇಳಿದರು.

"ಯಾವ್ದುಕ್ಕೂ ಅಮ್ಮನ್ನ ಒಂದು ಮಾತು ಕೇಳ್ಬುಡ್ಲಾ ಮಗ."

ನಮ್ಮವರ ಮುಖ ಅರಳಿತು. "ನಂಗೂ ಅದೇ ಅನ್ಸಿತ್ತು ಕಣವ್ವ. ನನ್ ಕೈಲಿ ತೀರ್ಮಾನ ಆಗ್ತಿಲ್ಲ."

ಮಗ ಒಪ್ಪಿಕೊಂಡ ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ದಾರಿ ಸಿಕ್ಕಿತು ಎಂದು ನಮ್ಮವರು ಸೌಟು ತೆಗೆದು ಪುಸ್ತಕ ಮುಚ್ಚಿದರು.

ಉಮ್ಮತ್ತೂರಿನಲ್ಲಿ ಯಾವ ತೀರ್ಮಾನವೂ ಮಾರಮ್ಮನನ್ನು ಕೇಳದೆ ಆಗುವುದಿಲ್ಲ. ಹೆಣ್ಣು ಕೊಡುವುದು, ಬೋರು ಕೊರೆಸುವುದು, ಎಮ್ಮೆ ಮಾರುವುದು ಎಲ್ಲಕ್ಕೂ ಹೂವು ಕೇಳುತ್ತಾರೆ. ಪೂಜಾರಿ ಅಮ್ಮನ ಎರಡೂ ಭುಜದ ಮೇಲೆ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ. ಕೇಳುವವರು ಎದುರು ನಿಂತು ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಬಾಯಿ ಬಿಟ್ಟು ಹೇಳುವಂತಿಲ್ಲ. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ಮಂಗಳವಾರ ನಾವು ಹೋದಾಗ ಗುಡಿಯ ಮುಂದೆ ಹಬ್ಬದಷ್ಟು ಜನ. ಏನು ಕೇಳಲು ಬಂದಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು, ಕೇಳಲು ಬಂದವನೊಬ್ಬನನ್ನು ಬಿಟ್ಟು. ಶಿವಸ್ವಾಮಿ ಆ ಕಡೆ ಹೋಗಲೋ ಬೇಡವೋ ಎಂದು ಅಮ್ಮನನ್ನೇ ಕೇಳುತ್ತಿದ್ದಾನೆ ಎಂದು ಊರು ನಂಬಿತ್ತು. ಎಷ್ಟಾದರೂ ಮರ್ಯಾದಸ್ಥ, ಹೇಳದೆ ಹೋಗುವವನಲ್ಲ ಎಂಬ ಮೆಚ್ಚುಗೆಯೂ ಇತ್ತು. ನಮ್ಮವರು ಕಣ್ಣುಮುಚ್ಚಿ, ಹಳೆಯ ಭಾಷಾಂತರವಾದರೆ ಬಲಕ್ಕೆ ಕೊಡು, ಹೊಸದಾದರೆ ಎಡಕ್ಕೆ ಕೊಡು, ಮೂರನೆಯದಾದರೆ ಸುಮ್ಮನಿರು ಎಂದು ಕೇಳಿಕೊಂಡರು. ಪೂಜಾರಿ ಪುಟ್ಟರಾಜು ಗಂಟೆ ಹಿಡಿದು ನಿಂತರು. ಅತ್ತೆ ಉಸಿರು ಹಿಡಿದು ನಿಂತರು.

ಬಲಗಡೆಯ ಹೂವು ಬಿತ್ತು.

ಸಾಮಾನ್ಯವಾಗಿ ಬಲ ಬಿದ್ದರೆ ಗಂಟೆ ಬಾರಿಸಿ ಕೂಗುತ್ತಾರೆ. ಅಂದು ಪುಟ್ಟರಾಜು ಗಂಟೆಯನ್ನು ನೆಲಕ್ಕಿಟ್ಟರು. ಗಂಟೆಗೆ ಕಾದು ಕಾದು ಕಣ್ಣುಬಿಟ್ಟ ನಮ್ಮವರು, ಬಿದ್ದ ಹೂವು ತಮ್ಮ ಎಡಗೈ ಕಡೆ ಇರುವುದನ್ನು ನೋಡಿ, ಎಡ, ಹಾಗಾದರೆ ಹೊಸದು ಎಂದು ಸಮಾಧಾನಪಟ್ಟರು. ಬಲ ಎಂದರೆ ಅಮ್ಮನ ಬಲ, ಎದುರು ನಿಂತವನ ಎಡ. ಇದು ಉಮ್ಮತ್ತೂರಿನ ತೊಟ್ಟಿಲ ಕೂಸಿಗೂ ಗೊತ್ತು. ನಮ್ಮವರು ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲಿ ಓದಿದವರು.

ಆಮೇಲೆ ನಡೆದದ್ದು ಬಹಳ ಗೌರವದಿಂದಲೇ ನಡೆಯಿತು. ಅಮ್ಮನೇ ಅಪ್ಪಣೆ ಕೊಟ್ಟ ಮೇಲೆ ಊರು ಯಾರು? ದೊಡ್ಡಪ್ಪ ನಾಗಯ್ಯನವರು ನಮ್ಮವರ ಹೆಗಲ ಮೇಲೆ ಕೈಯಿಟ್ಟು, ಎಲ್ಲೇ ಇದ್ದರೂ ಚೆನ್ನಾಗಿರು, ಹಬ್ಬಕ್ಕೆ ಬಂದು ಊಟ ಮಾಡಿಕೊಂಡು ಹೋಗು ಎಂದರು. ಬರುತ್ತೇನೆ, ಯಾವಾಗಲೂ ಬರುವುದೇ ಅಲ್ಲವೇ ಎಂದರು ನಮ್ಮವರು. ದೊಡ್ಡಪ್ಪ ಬಿಕ್ಕಿದರು. ಪಂಚಾಯಿತಿ ಮೆಂಬರ್ ಶಿವಶಂಕರ ಇವರನ್ನು ಪಕ್ಕಕ್ಕೆ ಕರೆದು, ರೇಷನ್ ಕಾರ್ಡಿನಲ್ಲಿ ಹೆಸರು ಬದಲಾಯಿಸುವುದಿದ್ದರೆ ಬೇಗ ಹೇಳಿ, ಶಿವ ತೆಗೆದು ಸ್ವಾಮಿ ಉಳಿಸಿಕೊಂಡರೆ ಎರಡೂ ಕಡೆ ನಡೆಯುತ್ತದೆ ಎಂದು ಸಲಹೆ ಕೊಟ್ಟ. ನಮ್ಮವರು ಅರ್ಥವಾಗದಿದ್ದರೂ ಯೋಚಿಸಿ ಹೇಳುತ್ತೇನೆ ಎಂದರು. ಚಿಕ್ಕಪ್ಪನ ಮಗ ಶಿವಣ್ಣ ಇನ್ನೂ ಮುಂದೆ ಹೋದ. ಹಬ್ಬದಲ್ಲಿ ಅಮ್ಮನ ಕಳಸ ಹೊರುವುದು ಈ ವರ್ಷ ನಮ್ಮವರ ಸರದಿ. ಅದನ್ನು ಅವನು ತಲೆ ತಗ್ಗಿಸಿ, ದುಃಖದಿಂದ, ನಾನೇ ಹೊರುತ್ತೇನೆ ಬಿಡಣ್ಣ ಎಂದು ಕೇಳಿ ತೆಗೆದುಕೊಂಡ. ಬೆನ್ನು ನೋವಿದ್ದ ನಮ್ಮವರು ಸಂತೋಷವಾಗಿ ಕೊಟ್ಟರು. ಇದನ್ನು ಕಂಡು ಹೆಂಗಸರು ಮುಖ ಮುಚ್ಚಿಕೊಂಡರು.

ನಾನು ಒಬ್ಬೊಬ್ಬರಿಗೂ ಹೇಳಿದೆ, ಇದು ಪುಸ್ತಕದ ವಿಷಯ ಎಂದು. ಅಮ್ಮನೇ ಹೇಳಿದ ಮೇಲೆ ನೀನೇನು ಹೇಳುತ್ತೀಯವ್ವ ಎಂದರು.

ಭಾನುವಾರ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಅತ್ತೆ ಒಗೆದ ಸೀರೆ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. ನನ್ನ ಮಗನನ್ನು ಕರೆದುಕೊಳ್ಳುತ್ತಿರುವವರು ಯಾರು, ಎಂಥವರು, ಮುಖವನ್ನಾದರೂ ನೋಡಿ ಎರಡು ಮಾತು ಕೇಳಿ ಬರುತ್ತೇನೆ ಎಂದರು. ಜಗಳಕ್ಕೇ ಹೊರಟಿದ್ದರು. ಆದರೂ ಬರಿಗೈಯಲ್ಲಿ ಹೋಗಬಾರದೆಂದು ಒಂದು ಚೀಲ ಅವರೆಕಾಯಿ ತಂದಿದ್ದರು. ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೆ ಆ ಚೀಲವನ್ನು ಅಪ್ಪಿಕೊಂಡೇ ಕೂತಿದ್ದರು. ನಮ್ಮವರು ಮೂರು ಪುಸ್ತಕದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ತೀರ್ಪಿನ ಭಾಷಣವನ್ನು ತುಟಿಯಲ್ಲೇ ಉರುಹೊಡೆಯುತ್ತ ಬಂದರು.

ಅರುಳಪ್ಪನವರ ಮನೆ ಚೊಕ್ಕವಾಗಿತ್ತು. ಕಿಟಕಿಯ ಬಳಿ ಕುರ್ಚಿಯಲ್ಲಿ ಜ್ಞಾನಮ್ಮನವರು ಕೂತಿದ್ದರು. ಮಗ ಹೇಳಿದ್ದು ನಿಜವೇ. ಎರಡು ಕೈಗಳೂ ಮಡಿಲಲ್ಲಿ ಬರಿದೇ ಬಿದ್ದಿದ್ದವು. ಪಕ್ಕದಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನನ್ನನ್ನು ಗುರುತು ಹಿಡಿದು ಮಗಳು ಹೇಗಿದ್ದಾಳೆ ಎಂದರು. ಆಮೇಲೆ ಬಾಗಿಲ ಪಕ್ಕದಲ್ಲಿ, ಕೊಟ್ಟ ನೀರನ್ನು ಮುಟ್ಟದೆ ನಿಂತಿದ್ದ ಅತ್ತೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ವಾರ್ಡಿನಲ್ಲಿ ಮಗೂಗೆ ಬಜೆ ನೆಕ್ಕಿಸೋಕೆ ಬಂದು ನನ್ನ ಕೈಲಿ ಬೈಸಿಕೊಂಡೋಳಲ್ವಾ ನೀನು?"

"ನೆಕ್ಕಿಸ್ದೆ," ಎಂದರು ಅತ್ತೆ. "ನೀ ಊಟುಕ್ಕೋದಾಗ ನೆಕ್ಕಿಸ್ದೆ."

ಇದರ ನಂತರ ಜಗಳ ಚೆನ್ನಾಗಿಯೇ ಶುರುವಾಗಬಹುದಿತ್ತು. ಆದರೆ ನಮ್ಮವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಮೂರೂ ಭಾಷಾಂತರಗಳಿಗೆ ಅವುಗಳದೇ ಆದ ಸ್ಥಾನವಿದೆ ಎಂದರು. ಹಳೆಯದಕ್ಕೆ ಗಾಂಭೀರ್ಯವಿದೆ, ಹೊಸದಕ್ಕೆ ಸರಳತೆಯಿದೆ, ಮೂರನೆಯದಕ್ಕೆ ಪುಟಗಳಿವೆ ಎಂದರು. ಎಲ್ಲವನ್ನೂ ಕೂಲಂಕಷವಾಗಿ ತೂಗಿ ನೋಡಿ, ವಯಸ್ಸಾದವರ ಸ್ವಂತ ಅಧ್ಯಯನಕ್ಕೆ ಹೊಸದೇ ತಕ್ಕದ್ದೆಂಬ ತೀರ್ಮಾನಕ್ಕೆ ಬಂದಿದ್ದೇನೆ ಎಂದರು.

ಅರುಳಪ್ಪನವರು ಗೆದ್ದವರಂತೆ ತಾಯಿಯ ಕಡೆ ನೋಡಿದರು. ಜ್ಞಾನಮ್ಮನವರು ನಿಧಾನವಾಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನೀನು ಹೇಳಿದ ಹಾಗೇ ಆಗಲಿ, ಒಪ್ಪಿದ್ದೇನಲ್ಲ, ಅದನ್ನು ಆ ಕಪಾಟಿನಲ್ಲಿ ಇಡು ಎಂದರು. ಓದುತ್ತೇನೆ ಎನ್ನಲಿಲ್ಲ.

ಯಾರ ಮುಖವೂ ಬಾಡುವುದನ್ನು ನೋಡಲಾರದ ಮನುಷ್ಯ ನಮ್ಮವರು. ಇಷ್ಟು ಹತ್ತಿರದಿಂದ ನೋಡಬೇಕಾಗಿ ಬಂದದ್ದು ಅವರಿಗೆ ಇದೇ ಮೊದಲು.

"ನಾನು ಹೇಳಿದ್ದಲ್ಲ ಅಮ್ಮ," ಎಂದುಬಿಟ್ಟರು. "ನಾನು ಓದೇ ಇಲ್ಲ. ನಮ್ಮೂರ ಮಾರಮ್ಮ ಹೇಳಿದ್ದು."

ಅರುಳಪ್ಪನವರು ಹಾಗೇ ಕುರ್ಚಿಯಲ್ಲಿ ಕೂತರು. ನಮ್ಮವರು ಟೀ ಲೋಟದಿಂದ ಹಿಡಿದು ಗುಡಿಯವರೆಗೆ ಎಲ್ಲವನ್ನೂ ಒಪ್ಪಿಸಿದರು. ಹೂವಿನ ವಿಷಯ ಬಂದಾಗ ಅತ್ತೆ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದರು.

"ಅಮ್ಮನ್ನ ಏನಂತ ಕೇಳ್ದೆ ನೀನು?"

"ಹಳೇದಾದ್ರೆ ಬಲಕ್ಕೆ ಕೊಡು, ಹೊಸದಾದ್ರೆ ಎಡಕ್ಕೆ ಕೊಡು, ಮೂರನೇದಾದ್ರೆ ಸುಮ್ಕಿರು ಅಂತ."

"ಅಷ್ಟೆಯಾ?"

"ಅಷ್ಟೇ ಕಣವ್ವ. ಇನ್ನೇನು ಕೇಳನ?"

ಅತ್ತೆ ಆವರೆಗೆ ಮುಟ್ಟದಿದ್ದ ನೀರಿನ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದರು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು. ಆಮೇಲೆ ಜ್ಞಾನಮ್ಮನವರ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಚೀಲ ಬಿಚ್ಚಿ, ಏನೂ ಆಗದವರಂತೆ ಅವರೆಕಾಯಿ ಸುಲಿಯತೊಡಗಿದರು. ನಾಲ್ಕು ಕಾಯಿ ಸುಲಿದ ಮೇಲೆ ಕೈ ನಿಂತಿತು.

"ಎಡ ನಿಂದು ಕಣ್ಲಾ. ಅಮ್ಮಂದು ಬಲ. ಅಮ್ಮ ಹಳೇದ್ನೇ ಕೊಡು ಅಂದವ್ಳೆ. ನೀನು ಹೊಸದು ತಂದು ವೊಪ್ಪುಸ್ತಿದ್ದೀಯಲ್ಲ, ಊರ್ಗೆ ಹೆಂಗ್ಲಾ ಮೊಕ ತೋರ್ಸದು?"

ಜ್ಞಾನಮ್ಮನವರ ಮುಖ ಕಿಟಕಿಯಿಂದ ಈ ಕಡೆ ತಿರುಗಿತು. ಅವರು ಹುಟ್ಟಿನಿಂದ ಪ್ರಾರ್ಥನೆ ತಪ್ಪಿಸಿದವರಲ್ಲ, ಇಂಥ ಸಾಕ್ಷಿಯನ್ನು ಎಂದೂ ಸ್ವೀಕರಿಸಿದವರೂ ಅಲ್ಲ. ಬಹಳ ಯೋಚಿಸಿ ಮಾತಾಡಿದರು.

"ಹೂವಿನ ಮಾತು ನಾನು ಒಪ್ಪೋ ಹಾಗಿಲ್ಲ. ಆದರೆ ಹೇಳಿರೋದು ಸರಿಯಾಗೇ ಇದೆ."

ಅರುಳಪ್ಪನವರು ಇಬ್ಬರು ಮುದುಕಿಯರನ್ನೂ ನೋಡಿದರು. ಮೇಲ್ಮನವಿಗೆ ಜಾಗವಿಲ್ಲ ಎಂದು ಅವರಿಗೆ ತಿಳಿಯಿತು. ತಾವೇ ನಮ್ಮವರ ಗಂಟು ಬಿಚ್ಚಿ, ದೊಡ್ಡ ಅಕ್ಷರದ ಹಳೆಯ ಭಾಷಾಂತರ ತೆಗೆದು ತಾಯಿಯ ಮಡಿಲಲ್ಲಿಟ್ಟರು. ಇವರ ಕಡೆ ತಿರುಗಿ, ಒಂದು ಪುಟವನ್ನಾದರೂ ಓದಿದ್ದೀರೇನ್ರೀ ಎಂದು ಕೇಳಿದರು. ಮೂರನೇ ದಿನದವರೆಗೆ ಸಾರ್ ಎಂದರು ನಮ್ಮವರು.

ಜ್ಞಾನಮ್ಮನವರು ರಟ್ಟನ್ನು ಸವರಿ, ಹಾಳೆ ಮೂಸಿ, ಕನ್ನಡಕ ಹಾಕಿಕೊಂಡರು. ಮೊದಲು ತುಟಿಯಲ್ಲೇ ಓದಿದರು, ಆಮೇಲೆ ಗಟ್ಟಿಯಾಗಿ. ಆ ಉದ್ದದ ವಾಕ್ಯಗಳು ಅವರ ಬಾಯಲ್ಲಿ ಎಲ್ಲಿಯೂ ತೊಡರಲಿಲ್ಲ. ನೂರು ಕುರಿ ಇದ್ದವನ ಒಂದು ಕುರಿ ಕಳೆದುಹೋದ ಕಥೆ. ಉಳಿದವನ್ನೆಲ್ಲ ಬಿಟ್ಟು, ಅದೊಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದನೆಂದು ಓದಿ, ಕಣ್ಣೊರೆಸಿಕೊಂಡು ನಿಲ್ಲಿಸಿದರು. ಅತ್ತೆ ಸುಲಿಯುತ್ತಲೇ ಕೇಳುತ್ತಿದ್ದರು. ಅವರು ಬಾಲ್ಯದಿಂದ ಆಡು ಕುರಿ ಕಾಯ್ದವರು.

"ಅದು ಸರಿ," ಎಂದರು. "ಮಿಕ್ಕವ್ನ ಯಾರ ಅತ್ರ ಬುಟ್ಟೋದ?"

ಜ್ಞಾನಮ್ಮನವರು ಕನ್ನಡಕ ತೆಗೆದರು. ಆ ಕಥೆಯನ್ನು ಎಳೆವಯಸ್ಸಿನಿಂದ ಓದಿದ್ದರು, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಡವಿಯಲ್ಲಿ ಬಿಟ್ಟು ಹೋದ ಎಂದಿದೆ ಎಂದರು. ಕಾಯುವವರಿಲ್ಲದೆ ಅಷ್ಟು ಕುರಿಯನ್ನು ಅಡವಿಯಲ್ಲಿ ಬಿಟ್ಟುಹೋಗಲು ಅವನಿಗೇನು ತಲೆ ಕೆಟ್ಟಿತ್ತೇ, ತಮ್ಮನೋ ಭಾವಮೈದುನನೋ ಯಾರೋ ಇದ್ದಿರಬೇಕು, ಸರಿಯಾಗಿ ನೋಡು ಎಂದರು ಅತ್ತೆ. ಜ್ಞಾನಮ್ಮನವರು ಹಿಂದಿನ ಪುಟ ತಿರುಗಿಸಿದರು. ಮುಂದಿನ ಪುಟ ತಿರುಗಿಸಿದರು. ಎಲ್ಲೋ ಇರಲೇಬೇಕು ಎಂದರು. ನಾವು ಹೊರಟಾಗ ಅವರು ತಲೆ ಎತ್ತಲಿಲ್ಲ. ಅರುಳಪ್ಪನವರು ತಂದಿಟ್ಟ ಬಿಸಿ ಕಾಫಿ ಮಾತ್ರ ಖಾಲಿಯಾಗಿತ್ತು.

ಅತ್ತೆ ಊರಿಗೆ ಹೋಗಿ, ಅಮ್ಮ ಅಪ್ಪಣೆ ಕೊಟ್ಟದ್ದು ಯಾವುದಕ್ಕೆ ಎಂದು ಗುಡಿಯ ಮುಂದೆ ನಿಂತು ಹೇಳಿದರು. ಊರು ಇದನ್ನು ಸುಲಭವಾಗಿ ನಂಬಲಿಲ್ಲ. ಮೊದಲಿನದೇ ಹೆಚ್ಚು ಸೊಗಸಾಗಿತ್ತು. ದೊಡ್ಡಪ್ಪ ನಾಗಯ್ಯನವರು ಅತ್ತದ್ದು ದಂಡವಾಯಿತೆಂದು ಸ್ವಲ್ಪ ಬೇಸರಪಟ್ಟರು. ಶಿವಣ್ಣ ಕಳಸದ ಸರದಿಯನ್ನು ಹಿಂದಕ್ಕೆ ಕೊಡಲಿಲ್ಲ, ನಮ್ಮವರು ಕೇಳಲೂ ಇಲ್ಲ.

ಈಗ ಗುಂಡ್ಲುಪೇಟೆಯಲ್ಲಿ ಜ್ಞಾನಮ್ಮನವರು ದಿನಾ ಬೆಳಿಗ್ಗೆ, ಮೊದಲ ಪುಟದಿಂದ ಶುರುಮಾಡಿ, ಆ ಉಳಿದ ಕುರಿಗಳನ್ನು ಹುಡುಕುತ್ತಿದ್ದಾರೆ. ಹೊಸ ಭಾಷಾಂತರದಲ್ಲಿ ನಮ್ಮವರು ಹುಡುಕುತ್ತಿದ್ದಾರೆ. ಒಂದೇ ಪುಸ್ತಕವಾದ್ದರಿಂದ ಸೃಷ್ಟಿ ಮುಗಿದು ಜಲಪ್ರಳಯ ದಾಟಿದೆ. ಮೂರನೆಯದು ಅಡುಗೆಮನೆಯ ಗೂಡಿನಲ್ಲಿದೆ, ಅನ್ನ ಬೇಯುವಷ್ಟು ಹೊತ್ತು ನಾನು ನೋಡುತ್ತೇನೆ. ಸಂಜೆ ಅತ್ತೆ ಊರಿನಿಂದ ಫೋನ್ ಮಾಡುತ್ತಾರೆ. ಆರೋಗ್ಯ ಕೇಳುವುದಿಲ್ಲ, ಮಳೆ ಕೇಳುವುದಿಲ್ಲ.

"ಸಿಕ್ತಾ?" ಎನ್ನುತ್ತಾರೆ.

ಇನ್ನೂ ಇಲ್ಲ ಅತ್ತೆ ಎನ್ನುತ್ತೇನೆ.

"ನಿಧಾನುಕ್ಕೆ ನೋಡಿ. ಅಷ್ಟೊಂದು ಕುರಿ, ಎಲ್ಗೋಗ್ತವೆ?"

ಮೂರರಲ್ಲೂ ಇನ್ನೂ ಸಿಕ್ಕಿಲ್ಲ.